ಪಿನ್ನಿನ ಬೆನ್ನು

ನಾನು ಪಿನ್ ಮಾರ್ತೀನಿ ಅಂದ ತಕ್ಷಣ ಎದುರಿಗಿರೋರು ಒಂದೋ ಸೇಫ್ಟಿ ಪಿನ್ನಾ ಅಂತ ಕೇಳ್ತಾರೆ, ಇಲ್ಲಾಂದ್ರೆ ಎಟಿಎಂ ಪಿನ್ ಅನ್ಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರೀತಾರೆ. ನಮ್ಮಮ್ಮ ಅಂತೂ ಇದಕ್ಕೆ ಗುಂಡುಸೂಜಿ ವ್ಯಾಪಾರ ಅಂತಾನೇ ಹೆಸರಿಟ್ಟಿರೋದು, ಮನೆಗೆ ಪಾರ್ಸೆಲ್ ಬಂದಾಗೆಲ್ಲ "ಲೋ ನಿನ್ನ ಗುಂಡುಸೂಜಿ ಬಂತು ನೋಡೋ" ಅಂತ ಕೂಗ್ತಾರೆ, ಅಮ್ಮ ಅದು ಎನಾಮಲ್ ಪಿನ್ನು, ಲಿಮಿಟೆಡ್ ಎಡಿಷನ್ನು ಅಂತ ಎಷ್ಟ್ ಸಲ ಹೇಳಿದ್ರೂ "ಚುಚ್ಚತ್ತೆ ತಾನೇ?" ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ. ಚುಚ್ಚತ್ತೆ, ಸುಳ್ಳಲ್ಲ. ಯಾವ್ಯಾವ ಥರ ಚುಚ್ಚತ್ತೆ ಅಂತ ಬರೆಯೋಣ ಅಂತಾನೇ ಇವತ್ತು ಕೂತಿರೋದು.

ಗೊತ್ತಿಲ್ದೇ ಇರೋರಿಗೆ ಒಂದೆರಡು ಮಾತು. ಲೋಹದ ತಗಡಿಗೆ ಅಚ್ಚು ಒತ್ತಿ, ಹಳ್ಳ ಬಿದ್ದಿರೋ ಜಾಗಕ್ಕೆಲ್ಲ ಬಣ್ಣ ತುಂಬಿ, ಒಲೆಯಲ್ಲಿ ಬಿಸಿ ಮಾಡಿ ಗಟ್ಟಿ ಮಾಡಿರೋ ಪುಟಾಣಿ ಬ್ಯಾಡ್ಜ್ ಇದು. ಬಣ್ಣ ಲೋಹದ ಗೆರೆಗಿಂತ ಕೆಳಗೆ ನಿಂತಿದ್ರೆ ಸಾಫ್ಟ್ ಎನಾಮಲ್, ಬೆರಳಾಡಿಸಿದ್ರೆ ಏರಿಳಿತ ಕೈಗೆ ಸಿಗತ್ತೆ, ಅದೇ ಬಣ್ಣನ ಮೇಲ್ತನಕ ತುಂಬಿ ಉಜ್ಜಿ ಉಜ್ಜಿ ಗಾಜಿನ ಥರ ಸಪಾಟು ಮಾಡಿದ್ರೆ ಹಾರ್ಡ್ ಎನಾಮಲ್. ಹಿಂದೆ ಒಂದೋ ಎರಡೋ ಮುಳ್ಳು, ಅದಕ್ಕೆ ಸಿಕ್ಕಿಸೋಕೆ ಕ್ಲಚ್ಚು, ರಬ್ಬರಿಂದೋ ಚಿಟ್ಟೆ ಆಕಾರದ ಲೋಹದ್ದೋ. ಅಷ್ಟೇ. ಮುಂಭಾಗದಲ್ಲಿ ಕಾರ್ಟೂನೋ ಬೆಕ್ಕೋ ಡ್ರ್ಯಾಗನ್ನೋ ಏನೋ ಒಂದಿರತ್ತೆ, ಜನ ಮರುಳಾಗೋದು ಅದಕ್ಕೇ. ನಾನೂ ಶುರುನಲ್ಲಿ ಅದಕ್ಕೇ ಮರುಳಾಗಿದ್ದು.

ಹೇಗೆ ಈ ಗುಂಡಿಗೆ ಬಿದ್ದೆ ಅಂದ್ರೆ, ಬರೀ ಇಂಟರ್ನೆಟ್ ಸ್ಲೋ ಇದ್ದಿದ್ದಕ್ಕೆ. ಒಬ್ಬ ಆರ್ಟಿಸ್ಟ್ ಮಾಡಿದ್ದ ನರಿ ಪಿನ್ ಒಂದು ಕಣ್ಣಿಗೆ ಬಿದ್ದಿತ್ತು, ರಾತ್ರಿ ಇಷ್ಟ್ ಗಂಟೆಗೆ ಬಿಡ್ತೀವಿ ಅಂತ ಹೇಳಿದ್ರು, ನಾನು ಅಲಾರಂ ಇಟ್ಕೊಂಡು ಕೂತು ಕರೆಕ್ಟ್ ಟೈಮಿಗೆ ಬಟನ್ ಒತ್ತಿದ್ರೆ ಪೇಜು ಅಲ್ಲೇ ಸುತ್ತುತ್ತಾ ನಿಂತ್ಬಿಡ್ತು, ಗಾಬರಿಲಿ ಇನ್ನೊಂದ್ ಸಲ ಒತ್ದೆ, ಎರಡು ಆರ್ಡರ್ ಬಿತ್ತು. ಕ್ಯಾನ್ಸಲ್ ಮಾಡೋಣ ಅನ್ನೋಷ್ಟರಲ್ಲಿ ಸೋಲ್ಡ್ ಔಟ್. ಸರಿ ಬಿಡು ಅಂತ ಎರಡನೇದನ್ನ ಪಿನ್ ಕಲೆಕ್ಟರ್‌ಗಳ ಒಂದು ಗುಂಪಲ್ಲಿ ಮಾರಾಟಕ್ಕಿದೆ ಅಂತ ಹಾಕಿ ಮಲಗ್ದೆ, ಬೆಳಿಗ್ಗೆ ಎದ್ದು ನೋಡಿದ್ರೆ ನಾನು ಕೊಟ್ಟಿದ್ದರ ಮೂರರಷ್ಟು ಕೊಡ್ತೀನಿ ಅಂತ ನಾಲ್ಕು ಜನ ಮೆಸೇಜ್ ಮಾಡಿದ್ರು. ಆ ಬೆಳಿಗ್ಗೆ ನನ್ ತಲೆಯಲ್ಲಿ ಏನೇನ್ ಲೆಕ್ಕ ಓಡ್ತು ಅಂತ ನೆನೆಸ್ಕೊಂಡ್ರೆ ಈಗ ನಾಚಿಕೆ ಆಗತ್ತೆ. ಎರಡು ತಗೊಂಡಿದ್ದಕ್ಕೆ ಇಷ್ಟು, ಇಪ್ಪತ್ತು ತಗೊಂಡಿದ್ರೆ? ಅಂಗೈಯಲ್ಲೇ ಅರಮನೆ ಎದ್ಬಿಡ್ತು.

ಹೀಗೆ ಟೈಮ್ ಹೇಳಿ ಹೊಸ ಪಿನ್ ಮಾರಾಟಕ್ಕೆ ಬಿಡೋದಕ್ಕೆ ಡ್ರಾಪ್ ಅಂತಾರೆ, ಮುಂದಿನ ಡ್ರಾಪ್‌ಗೆ ಹನ್ನೊಂದು ತಗೊಂಡೆ. ಮೂರು ಹೋಯ್ತು. ಎಂಟು ಉಳೀತು, ಅದ್ರಲ್ಲಿ ಎರಡು ಈಗ್ಲೂ ಡಬ್ಬೀಲಿ ಇದೆ.

ಆಮೇಲೆ ಒಬ್ರು ಹಳೇ ಕಲೆಕ್ಟರ್ ಪರಿಚಯ ಆದ್ರು, ತುಂಬಾ ವರ್ಷದಿಂದ ಇದ್ರಲ್ಲಿ ಇರೋರು. ಅವರಿಗೆ ನನ್ ಹತ್ರ ಉಳಿದಿದ್ದ ಪಿನ್ನಿನ ಫೋಟೋ ಕಳಿಸಿ ಯಾಕ್ ಸಾರ್ ಇದು ಹೋಗ್ತಿಲ್ಲ ಅಂತ ಕೇಳಿದ್ರೆ ಅವರು ವಾಪಸ್ ಒಂದೇ ಸಾಲು ಬರೆದ್ರು, "ಮುಖ ಯಾಕೆ ತೋರಿಸ್ತೀರಾ, ಬೆನ್ನು ತೋರಿಸಿ." ನನಗೆ ಅರ್ಥಾನೇ ಆಗ್ಲಿಲ್ಲ. ಪಿನ್ ತಿರುಗಿಸಿ ಹಿಂದೆ ಏನಿದೆ ಅಂತ ನಾನು ಅವತ್ತಿನವರೆಗೂ ಸರಿಯಾಗಿ ನೋಡೇ ಇರ್ಲಿಲ್ಲ.

ಬೆನ್ನ ಮೇಲೆ ಏನಿರತ್ತೆ ಅಂದ್ರೆ, ಮಾಡ್ದೋರ ಹೆಸರು ಅಥವಾ ಗುರುತು, ಕಾಪಿರೈಟು, ಕೆಲವೊಮ್ಮೆ ವರ್ಷ, ಮತ್ತೆ ಎಲ್ಲದಕ್ಕಿಂತ ಮುಖ್ಯ ಎಲ್‌ಇ, ಅಂದ್ರೆ ಲಿಮಿಟೆಡ್ ಎಡಿಷನ್, ಅಂತ ಬರೆದು ಪಕ್ಕದಲ್ಲಿ ಒಂದು ನಂಬರ್. ಎಲ್‌ಇ 300 ಅಂದ್ರೆ ಇಂಥ ಪಿನ್ 300 ಮಾತ್ರ ಮಾಡಿದ್ದೀವಿ ಅಂತ. ಹೊಸಬರು ಇಲ್ಲೇ ಎಡವೋದು, ಅದು ನಿಮ್ಮ ಪಿನ್ನಿನ ಸೀರಿಯಲ್ ನಂಬರ್ ಅಲ್ಲ, 300ಕ್ಕೆ 300 ಪಿನ್ನಿನ ಮೇಲೂ ಅದೇ ಇರತ್ತೆ. 12/100 ಅಂತ ಒಂದೊಂದಕ್ಕೂ ಬೇರೆ ಬೇರೆ ನಂಬರ್ ಹಾಕಿರೋದು ಬೇರೆ ಜಾತಿ, ಅದು ಕಮ್ಮಿ. ಎಲ್‌ಆರ್ ಅಂದ್ರೆ ಲಿಮಿಟೆಡ್ ರಿಲೀಸ್, ಸ್ವಲ್ಪ ದಿನ ಮಾತ್ರ ಮಾರ್ತಾರೆ, ಆದ್ರೆ ಎಷ್ಟ್ ಮಾಡಿದ್ದಾರೆ ಅಂತ ಬಾಯಿ ಬಿಡಲ್ಲ, "ಲಿಮಿಟೆಡ್" ಅನ್ನೋ ಪದ ಕೇಳಿ ನಾನು ಇದನ್ನೂ ಎಲ್‌ಇ ರೇಟಿಗೆ ತಗೊಂಡಿದ್ದೀನಿ, ದಡ್ಡತನಕ್ಕೆ ಫೀಸು ಅಂತ ಬರ್ಕೊಂಡಿದ್ದೀನಿ. ಓಪನ್ ಎಡಿಷನ್ ಅಂದ್ರೆ ಎಷ್ಟು ಬೇಕಾದ್ರೂ ಮಾಡ್ತಾರೆ, ಇದನ್ನ ರೀಸೇಲ್‌ಗೆ ಅಂತ ಮುಟ್ಟೋದೇ ಬೇಡ. ಇನ್ನು ಎಪಿ, ಆರ್ಟಿಸ್ಟ್ ಪ್ರೂಫ್. ಮುಖ್ಯ ಲೆಕ್ಕಕ್ಕೆ ಸೇರದೇ ಬೇರೆಯಾಗಿ ಬರೋ ಬೆರಳೆಣಿಕೆ ಪಿನ್ನು, ಬೆನ್ನ ಮೇಲೆ ಎಪಿ ಅಂತ ಮುದ್ರೆ ಬಿದ್ದಿರತ್ತೆ. ಮುಖ ನೋಡಿದ್ರೆ ಒಂದ್ ಕೂದಲೆಳೆ ವ್ಯತ್ಯಾಸ ಇರಲ್ಲ, ಬೆನ್ನು ನೋಡಿದ್ರೆ ಎರಡಕ್ಷರ, ಆ ಎರಡಕ್ಷರಕ್ಕೆ ಜನ ಎಷ್ಟೋ ಪಟ್ಟು ಜಾಸ್ತಿ ಕೊಡ್ತಾರೆ.

ಇನ್ನೊಂದು ವಿಷ್ಯ ನನಗೆ ಲೇಟಾಗಿ ತಲೆಗೆ ಹೋಗಿದ್ದು. ಸ್ವಂತವಾಗಿ ಪಿನ್ ಮಾಡ್ಸೋ ಸಣ್ಣ ಆರ್ಟಿಸ್ಟ್‌ಗಳು ಯಾಕೆ ಎಲ್ರೂ 50 ಇಲ್ಲಾ 100 ಅಂತಾನೇ ಎಡಿಷನ್ ಇಡ್ತಾರೆ? ನಾನೇನೋ ಇದು ತುಂಬಾ ಯೋಚನೆ ಮಾಡಿ ಅಪರೂಪ ಆಗ್ಲಿ ಅಂತ ಇಟ್ಟಿರೋ ಸಂಖ್ಯೆ ಅನ್ಕೊಂಡಿದ್ದೆ. ಅದೇನಿಲ್ಲ, ತುಂಬಾ ಫ್ಯಾಕ್ಟರಿಗಳು ಅದಕ್ಕಿಂತ ಕಮ್ಮಿ ಆರ್ಡರ್ ತಗೊಳಲ್ಲ ಅಷ್ಟೇ. ಅಚ್ಚಿನ ಖರ್ಚು ಒಂದ್ ಸಲ ಆಗ್ಬಿಡತ್ತೆ, ಆಮೇಲೆ ಹತ್ತು ಮಾಡಿದ್ರೂ ನೂರು ಮಾಡಿದ್ರೂ ಅಂಥಾ ವ್ಯತ್ಯಾಸ ಇಲ್ಲ, ಹಾಗಾಗಿ ಕನಿಷ್ಠ ಆರ್ಡರ್ ಎಷ್ಟೋ ಅಷ್ಟು ಮಾಡಿಸ್ತಾರೆ, ಅದೇ ಎಡಿಷನ್ ಸೈಜು. ಆ ನೂರರಲ್ಲಿ ಕೆಲವು ಬಣ್ಣ ಸರಿಯಾಗಿ ಕೂರ್ದೇ, ಗೀರು ಬಿದ್ದು ಬಂದಿರತ್ತೆ, ಅದನ್ನ ಸೆಕೆಂಡ್ಸ್ ಅಂತ ಅಥವಾ ಬಿ ಗ್ರೇಡ್ ಅಂತ ಕಮ್ಮಿಗೆ ಕೊಡ್ತಾರೆ. ನಾವು ರೀಸೆಲ್ಲರ್‌ಗಳು ಬಿ ಗ್ರೇಡ್ ತಗೊಂಡು ಎ ಗ್ರೇಡ್ ರೇಟಿಗೆ ಮಾರೋದುಂಟು, ನಾನು ಒಂದ್ ಸಲ ಮಾಡಿದ್ದೀನಿ, ಕೊಂಡೋರು ಕೇಳಿದ ತಕ್ಷಣ ದುಡ್ಡು ವಾಪಸ್ ಕೊಟ್ಟೆ, ಆದ್ರೂ ಮಾಡಿದ್ದು ಮಾಡಿದ್ದೇ.

ಹಾಗಂತ ನಂಬರ್ ಚಿಕ್ಕದಿದ್ರೆ ಸಾಕು ಅಂತಲ್ಲ. ಎಲ್‌ಇ 50 ಇದ್ದು ಅದು ಬೇಕು ಅನ್ನೋರು ಹದಿನೈದೇ ಜನ ಇದ್ರೆ ಮೂವತ್ತೈದು ಪಿನ್ನು ಯಾರದೋ ಡ್ರಾಯರ್‌ನಲ್ಲಿ ಕೊಳೆಯತ್ತೆ. ಅದೇ ಎಲ್‌ಇ 1000 ಇದ್ದು ಹತ್ತು ಸಾವಿರ ಜನ ಆ ಕ್ಯಾರೆಕ್ಟರ್‌ಗೆ ಪ್ರಾಣ ಬಿಡೋ ಹಾಗಿದ್ರೆ ಅದೇ ದುಬಾರಿ. ಬೀನಿ ಬೇಬೀಸ್ ಗೊಂಬೆಗಳ ಕಥೆ ಓದಿರ್ತೀರಾ, 90ರ ದಶಕದಲ್ಲಿ ಅಮೆರಿಕದಲ್ಲಿ ಜನ ಮುಂದೆ ಮಕ್ಕಳ ಓದಿಗೆ ಆಗತ್ತೆ ಅಂತ ಗೊಂಬೆ ಕೂಡಿಟ್ರು, ಆ ಕಂಪನಿ ಒಂದೊಂದು ಗೊಂಬೆನ "ರಿಟೈರ್" ಮಾಡ್ತಾ ಮಾಡ್ತಾ ರೇಟು ಏರಿಸ್ತು, 1999ರಲ್ಲಿ ಇನ್ಮೇಲೆ ಗೊಂಬೆ ಮಾಡೋದೇ ನಿಲ್ಲಿಸ್ತೀವಿ ಅಂತ ಘೋಷಣೆ ಮಾಡಿ, ಆಮೇಲೆ ಜನರ ಹತ್ರಾನೇ ವೋಟ್ ಹಾಕಿಸ್ಕೊಂಡು ಮತ್ತೆ ಮಾಡೋಕೆ ಶುರು ಮಾಡ್ತು. ಅಷ್ಟೊತ್ತಿಗೆ ಎಲ್ಲರ ಮನೇಲೂ ಚೀಲ ಚೀಲ ಗೊಂಬೆ, ಕೊಳ್ಳೋರು ಯಾರೂ ಇಲ್ಲ. ಎಲ್ಲಾರೂ ಪಲ್ಲಕ್ಕಿ ಮೇಲೆ ಕೂತ್ರೆ ಹೊರೋರ್ಯಾರು ಅಂತಾರಲ್ಲ, ಹಾಗೆ. ಪಿನ್ ಗುಂಪುಗಳಲ್ಲೂ ಈಗ ಇದೇ ವಾಸನೆ ಬರತ್ತೆ ನನಗೆ, ಕೆಲವು ಡ್ರಾಪ್‌ಗಳಲ್ಲಿ ಕೊಂಡೋರೆಲ್ಲ ಮಾರೋಕೇ ಕೊಂಡಿರ್ತಾರೆ, ಒಬ್ರ ಮುಖ ಒಬ್ರು ನೋಡ್ಕೊಂಡು ಕೂತಿರ್ತೀವಿ.

ಈ ಹುಚ್ಚೇನು ಹೊಸದಲ್ಲ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಟಗಾರರು ಯಾರು, ಅಧಿಕಾರಿಗಳು ಯಾರು ಅಂತ ಗೊತ್ತಾಗ್ಲಿ ಅಂತ ರಟ್ಟಿನ ಬ್ಯಾಡ್ಜ್ ಕೊಟ್ಟಿದ್ರಂತೆ, ಒಲಿಂಪಿಕ್ ಪಿನ್ನಿನ ಮೂಲ ಅದೇ. ತಮಾಷೆ ಅಂದ್ರೆ ಅದೇ 1896ರಲ್ಲೇ ಅಮೆರಿಕದಲ್ಲಿ ವೈಟ್‌ಹೆಡ್ ಅಂಡ್ ಹೋಗ್ ಅನ್ನೋ ಕಂಪನಿ ಸೆಲ್ಯುಲಾಯ್ಡ್ ಬಟನ್ ಬ್ಯಾಡ್ಜ್‌ಗೆ ಪೇಟೆಂಟ್ ತಗೊಂಡು ಅಧ್ಯಕ್ಷ ಚುನಾವಣೆಗೆ ರಾಶಿ ರಾಶಿ ಮಾಡ್ತು. ಆಮೇಲೆ ಒಲಿಂಪಿಕ್ಸ್‌ನಲ್ಲಿ ಆಟಗಾರರು ತಮ್ತಮ್ಮಲ್ಲೇ ದೇಶದ ಪಿನ್ ಅದಲು ಬದಲು ಮಾಡ್ಕೊಳ್ಳೋ ರೂಢಿ ಬಂತು, 1980ರ ಲೇಕ್ ಪ್ಲಾಸಿಡ್ ಚಳಿಗಾಲದ ಆಟ, 1984ರ ಲಾಸ್ ಏಂಜಲೀಸ್ ಹೊತ್ತಿಗೆ ನೋಡೋಕೆ ಬಂದ ಜನಾನೂ ಕುತ್ತಿಗೆ ತುಂಬ ಪಿನ್ ನೇತಾಕ್ಕೊಂಡು ಬೀದಿಗಿಳಿದ್ರು, 1988ರಲ್ಲಿ ಕ್ಯಾಲ್ಗರಿಯಲ್ಲಿ ಕೋಕಾಕೋಲಾದವರು ಪಿನ್ ಟ್ರೇಡಿಂಗ್‌ಗೆ ಅಂತಾನೇ ಒಂದು ಸೆಂಟರ್ ತೆಗೆದ್ರು. 2024ರ ಪ್ಯಾರಿಸ್‌ನಲ್ಲಿ ಅಮೆರಿಕದ ರ‍್ಯಾಪ್ ಹಾಡುಗಾರ ಸ್ನೂಪ್ ಡಾಗ್‌ನ ಪಿನ್ನಿಗೆ ಆಟಗಾರರೇ ಹುಡುಕಾಡಿದ್ದು ನ್ಯೂಸಲ್ಲಿ ನೋಡಿರ್ತೀರಾ.

ಡಿಸ್ನಿ ಪಾರ್ಕ್‌ಗಳಲ್ಲಿ ಪಿನ್ ಟ್ರೇಡಿಂಗ್ ಶುರು ಆಗಿದ್ದು 1999ರ ಅಕ್ಟೋಬರ್‌ನಲ್ಲಿ, ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ, ಹೊಸ ಸಹಸ್ರಮಾನದ ಸಂಭ್ರಮ ಅಂತ. ಅಲ್ಲಿ ಕೆಲಸದವರ ಕೊರಳಲ್ಲಿ ಪಿನ್ ಚುಚ್ಚಿರೋ ಪಟ್ಟಿ ಇರತ್ತೆ, ನೀವು ನಿಮ್ಮ ಡಿಸ್ನಿ ಪಿನ್ ಕೊಟ್ಟು ಅವರದ್ದರಲ್ಲಿ ಒಂದು ತಗೋಬಹುದು, ಒಬ್ಬರ ಹತ್ರ ದಿನಕ್ಕೆ ಎರಡು ಅಂತ ಮಿತಿ. ದುಡ್ಡಿನ ಮಾತೇ ಇಲ್ಲ, ಪಿನ್ನಿಗೆ ಪಿನ್ನು. ನನಗೆ ಈ ನಿಯಮ ತುಂಬಾ ಇಷ್ಟ, ನಾನು ಮಾಡೋದು ಅದಕ್ಕೆ ಉಲ್ಟಾ ಆದ್ರೂ. ಯಾಕಂದ್ರೆ ಅದಲು ಬದಲಿನಲ್ಲಿ ಇಬ್ರೂ ಮುಖ ನೋಡಿ ತಗೋತಾರೆ, ದುಡ್ಡು ನಡುವೆ ಬಂದ ಕೂಡ್ಲೇ ಪಿನ್ ತಿರುಗತ್ತೆ.

ಸರಿ, ವ್ಯಾಪಾರಕ್ಕೆ ಬರೋಣ. ರೇಟು ಹೇಗೆ ಓಡತ್ತೆ ಅಂತ ನಾನು ಒಂದು ನೋಟ್‌ಬುಕ್‌ನಲ್ಲಿ ಬರ್ಕೊಂಡು ಬಂದಿದ್ದೀನಿ, ಹೆಚ್ಚು ಕಮ್ಮಿ ಎಲ್ಲಾ ಡ್ರಾಪ್‌ದೂ ಒಂದೇ ಕಥೆ. ಸೋಲ್ಡ್ ಔಟ್ ಆದ ಮೊದಲ ಒಂದೆರಡು ದಿನ ರೇಟು ತಲೆ ಮೇಲಿರತ್ತೆ, ಯಾಕಂದ್ರೆ ಸಿಗ್ದೇ ಇದ್ದೋರ ಹೊಟ್ಟೆ ಉರಿ ಇನ್ನೂ ಬಿಸಿ ಇರತ್ತೆ, ಮತ್ತೆ ಪಿನ್ನು ಯಾರ ಕೈಗೂ ಬಂದಿರಲ್ಲ. ಆಗ ಕೆಲವ್ರು ಪ್ರೀಸೇಲ್ ಅಂತ ಮಾರ್ತಾರೆ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ ಹಾಗೆ, ಕೈಗೇ ಬರದಿರೋ ಪಿನ್ನಿಗೆ ದುಡ್ಡು ಇಸ್ಕೊಳ್ಳೋದು, ಆಮೇಲೆ ಆರ್ಟಿಸ್ಟ್ ಆರ್ಡರ್ ಕ್ಯಾನ್ಸಲ್ ಮಾಡಿದ್ರೆ ಕಣ್ಣು ಕಣ್ಣು ಬಿಡೋದು. ಆಮೇಲೆ ಪಾರ್ಸೆಲ್‌ಗಳು ಎಲ್ಲರಿಗೂ ಒಂದೇ ವಾರದಲ್ಲಿ ಬಂದು ಬೀಳತ್ತೆ ನೋಡಿ, ಆ ವಾರ ರೇಟು ಧಡ್ ಅಂತ ಇಳಿಯತ್ತೆ, ಒಬ್ಬ ಸ್ವಲ್ಪ ಇಳಿಸ್ತಾನೆ, ಇನ್ನೊಬ್ಬ ಅವನಿಗಿಂತ ಸ್ವಲ್ಪ ಇಳಿಸ್ತಾನೆ. ಅಲ್ಲಿಂದ ಒಂದ್ ವರ್ಷ ಯಾರೂ ತಿರುಗಿ ನೋಡಲ್ಲ. ಆಮೇಲೆ, ಪಿನ್ ಒಳ್ಳೇದಾಗಿದ್ರೆ, ಕಲೆಕ್ಟರ್‌ಗಳ ಬೋರ್ಡಿಗೆ ಹೋಗಿ ಕೂತ್ಮೇಲೆ ಮಾರ್ಕೆಟ್‌ನಲ್ಲಿ ಕಾಣೋದು ಕಮ್ಮಿ ಆದಾಗ ನಿಧಾನಕ್ಕೆ ಏರತ್ತೆ. ಅಂದ್ರೆ ಗಾಳಿ ಬಂದಾಗ ತೂರ್ಕೋಬೇಕು, ಇಲ್ಲಾ ಅಂದ್ರೆ ಎರಡು ವರ್ಷ ಡಬ್ಬಿ ಮುಚ್ಚಿ ಮರೀಬೇಕು, ಮಧ್ಯದಲ್ಲಿ ಮಾರೋನು ಸಾಯ್ತಾನೆ. ನಾನು ಮೊದಲ ವರ್ಷ ಪೂರ್ತಿ ಮಧ್ಯದಲ್ಲೇ ಮಾರಿದ್ದು.

ಸೀರೀಸ್ ಬಂದ್ರೆ ಇನ್ನೊಂದು ಸೂಕ್ಷ್ಮ ಇದೆ. ತಿಂಗಳಿಗೊಂದು ಅಂತ ಹನ್ನೆರಡು ಪಿನ್ ಬರತ್ತೆ ಅಂತಿಟ್ಕೊಳ್ಳಿ. ತುಂಬಾ ಜನ ಮೂರನೇದೋ ನಾಲ್ಕನೇದೋ ಬಂದ್ಮೇಲೆ ಶುರು ಮಾಡ್ತಾರೆ, ಸೆಟ್ ಪೂರ್ತಿ ಮಾಡೋಕೆ ಮೊದಲನೇದು ಬೇಕೇ ಬೇಕು, ಅದಕ್ಕೆ ಏನ್ ಬೇಕಾದ್ರೂ ಕೊಡ್ತಾರೆ. ಹನ್ನೊಂದು ಇದ್ದು ಒಂದಿಲ್ದೇ ಇರೋ ಮನುಷ್ಯನಷ್ಟು ಒಳ್ಳೇ ಗಿರಾಕಿ ಈ ಪ್ರಪಂಚದಲ್ಲಿ ಇನ್ನೊಬ್ಬ ಇಲ್ಲ. ನನ್ನ ನಿಜವಾದ ಲಾಭ ಅಂತ ಏನಾದ್ರೂ ಬಂದಿದ್ರೆ ಅದು ಇಂಥವರಿಂದ್ಲೇ.

ಈಗ ಲೆಕ್ಕ. ರೂಪಾಯಿ ಅನ್ಕೊಳ್ಳಿ ಡಾಲರ್ ಅನ್ಕೊಳ್ಳಿ, ಸುಲಭಕ್ಕೆ ಒಂದು ಪಿನ್ 100 ಅಂತಿಟ್ಕೊಳ್ಳೋಣ. ನಿಮ್ಮ ಮನೆಗೆ ಬರೋ ಹೊತ್ತಿಗೆ ಅದರ ಪಾಲಿನ ಪೋಸ್ಟೇಜ್ ಸೇರಿ 120. ಅದನ್ನ 250ಕ್ಕೆ ಮಾರಿದ್ರಿ, ಆಹಾ 130 ಲಾಭ! ಇಲ್ಲ ಸ್ವಾಮಿ. ಮಾರೋ ಸೈಟಿನ ಕಮಿಷನ್ನು, ಪೇಮೆಂಟ್ ಚಾರ್ಜು ಎಲ್ಲ ಸೇರಿ 35 ಹೋಯ್ತು, ಕಳಿಸೋಕೆ 30, ಬಬಲ್ ಕವರ್ರು ರಟ್ಟು ಟೇಪು 5. ನಿಜವಾಗಿ ಉಳಿದ ಲಾಭ 60. ಸರಿ ಅದೂ ಒಳ್ಳೇದೇ. ಈಗ ಹತ್ತು ಪಿನ್ ತಗೊಂಡಿದ್ರಿ, ಗಾಳಿ ಇದ್ದಾಗ ನಾಲ್ಕು ಹೋಯ್ತು, 240 ಬಂತು. ಉಳಿದ ಆರನ್ನ ರೇಟ್ ಬಿದ್ಮೇಲೆ 110ಕ್ಕೆ ತಳ್ಳಿದ್ರಿ, ಅದ್ರಲ್ಲಿ ಕಮಿಷನ್ 15, ಮತ್ತೆ ಅದೇ 30, ಅದೇ 5, ಕೈಗೆ 60, ಹಾಕಿದ್ದು 120, ಒಂದೊಂದಕ್ಕೆ 60 ಲಾಸು, ಆರಕ್ಕೆ 360. ಒಟ್ಟು ನೋಡಿದ್ರೆ 120 ಕೈಯಿಂದ ಹೋಯ್ತು, ನಿದ್ದೆಗೆಟ್ಟಿದ್ದು ಪೋಸ್ಟ್ ಆಫೀಸ್ ಸಾಲಲ್ಲಿ ನಿಂತಿದ್ದು ಫ್ರೀ. ಗುಂಪುಗಳಲ್ಲಿ ಸ್ಕ್ರೀನ್‌ಶಾಟ್ ಹಾಕೋರೆಲ್ಲ ಆ ಮೊದಲ ನಾಲ್ಕರದ್ದೇ ಹಾಕೋದು. ನಾನೂ ಅದನ್ನೇ ಹಾಕ್ತಿದ್ದೆ.

ಇನ್ನೊಂದು, ದಯವಿಟ್ಟು ಯಾರೋ ಹಾಕಿರೋ ರೇಟು ನೋಡಿ ಇದೇ ಬೆಲೆ ಅನ್ಕೋಬೇಡಿ. ಕೇಳೋಕೇನು, ನಾನು ನನ್ನ ಹಳೇ ಚಪ್ಪಲಿಗೂ ಲಕ್ಷ ಕೇಳಬಹುದು. ಇಬೇ ಅನ್ನೋ ಮಾರಾಟದ ಸೈಟಲ್ಲಿ ಸೋಲ್ಡ್ ಅಂತ ಒಂದು ಫಿಲ್ಟರ್ ಇದೆ, ನಿಜವಾಗ್ಲೂ ಎಷ್ಟಕ್ಕೆ ಹೋಗಿದೆ ಅಂತ ಅಲ್ಲಿ ಕಾಣತ್ತೆ, ನಾನು ಈಗ ಅದನ್ನ ನೋಡ್ದೇ ಒಂದು ಪಿನ್ನೂ ತಗೊಳಲ್ಲ. ಅದ್ರಲ್ಲೂ ಎಷ್ಟಕ್ಕೆ ಅನ್ನೋದಕ್ಕಿಂತ ಎಷ್ಟು ದಿನಕ್ಕೊಂದು ಹೋಗ್ತಿದೆ ಅಂತ ನೋಡ್ತೀನಿ.

ನಕಲಿ ಪಿನ್ನಿನ ವಿಷ್ಯ ಬರೆದ್ರೆ ಇನ್ನೊಂದು ಪೋಸ್ಟ್ ಆಗತ್ತೆ. ಈ ಲೋಕದಲ್ಲಿ ಅದಕ್ಕೆ ಸ್ಕ್ರ್ಯಾಪರ್ ಅಂತಾರೆ. ಫ್ಯಾಕ್ಟರಿಯಲ್ಲಿ ಕೆಟ್ಟೋಗಿ ಎಸೀಬೇಕಾಗಿದ್ದು, ಇಲ್ಲಾ ಕೇಳಿದ್ದಕ್ಕಿಂತ ಜಾಸ್ತಿ ಮಾಡಿ ಹಿಂಬಾಗಿಲಿಂದ ಬಂದಿದ್ದು, ಇಲ್ಲಾ ಅಸಲಿ ಪಿನ್ ನೋಡಿ ಹೊಸ ಅಚ್ಚು ಮಾಡಿದ್ದು. ನೂರು ಪಿನ್ ಒಂದೇ ಲಾಟಲ್ಲಿ ಪುಗಸಟ್ಟೆ ರೇಟಿಗೆ ಸಿಗ್ತಿದೆ ಅಂದ್ರೆ ಅದು ಇದೇ. ಡಿಸ್ನಿ ಪಿನ್‌ಗಳಲ್ಲಿ ಇದರ ಕಾಟ ಜಾಸ್ತಿ. ಗುರುತು ಹಿಡಿಯೋದು ಅಂದ್ರೆ ಅಂಚು ತರಿತರಿ ಅನ್ನತ್ತೆ, ಬಣ್ಣ ಅಲ್ಲಲ್ಲಿ ಗುಳಿ ಬಿದ್ದಿರತ್ತೆ, ಗೆರೆ ದಾಟಿ ಚೆಲ್ಲಿರತ್ತೆ, ಕೈಯಲ್ಲಿಟ್ರೆ ಹಗುರ ಅನ್ಸತ್ತೆ. ಆದ್ರೆ ಮುಖ ಈಗೀಗ ತುಂಬಾ ಚೆನ್ನಾಗಿ ಮಾಡ್ತಾರೆ, ಸಿಕ್ಕಿಹಾಕ್ಕೊಳ್ಳೋದು ಬೆನ್ನಲ್ಲೇ. ಡಿಸ್ನಿ ಪಿನ್ನಿನ ಹಿಂದೆ ಸಾಮಾನ್ಯವಾಗಿ ಮಿಕ್ಕಿ ಮೌಸ್ ತಲೆಗಳ ಒಂದು ಜಾಲರಿ ಡಿಸೈನ್ ಇರತ್ತೆ, ಅಸಲಿಯಲ್ಲಿ ಸಾಮಾನ್ಯವಾಗಿ ಅದು ಅಂಚಿನವರೆಗೂ ಹೋಗಿ ಕತ್ತರಿಸಿದ ಹಾಗೆ ನಿಲ್ಲತ್ತೆ, ನಕಲಿಯಲ್ಲಿ ಎಷ್ಟೋ ಸಲ ಸುತ್ತ ಒಂದು ಕಟ್ಟೆ ಕಟ್ಟಿದ ಹಾಗೆ ಅಂಚು ಬಿಟ್ಟಿರ್ತಾರೆ. ಎಲ್ಲಾ ಪಿನ್ನಿಗೂ ಇದೊಂದೇ ಪರೀಕ್ಷೆ ಸಾಕಾಗಲ್ಲ, ನಾಲ್ಕು ಗುರುತು ಸೇರಿಸಿ ನೋಡ್ಬೇಕು.

ನನಗೆ ಜೋರಾಗಿ ಚುಚ್ಚಿದ್ದು ಇದೇ ಸ್ಕ್ರ್ಯಾಪರ್ರು, ಆದ್ರೆ ನಾನು ಕೊಂಡಿದ್ದರಿಂದ ಅಲ್ಲ, ಮಾರಿದ್ದರಿಂದ. ಎಲ್‌ಇ 250 ಪಿನ್ ಒಂದು, ನಾನೇ ನೇರವಾಗಿ ಡ್ರಾಪ್‌ನಲ್ಲಿ ತಗೊಂಡಿದ್ದು, ಅದನ್ನ ಚುಚ್ಚಿಟ್ಟಿದ್ದ ರಟ್ಟಿನ ಕಾರ್ಡ್ ಸಮೇತ ಒಬ್ರಿಗೆ ಒಳ್ಳೇ ರೇಟಿಗೆ ಮಾರ್ದೆ. ಹತ್ತು ದಿನ ಆದ್ಮೇಲೆ ಪಿನ್ ನಕಲಿ ಅಂತ ಕಂಪ್ಲೇಂಟ್ ಹಾಕಿದ್ರು, ಸೈಟಿನವರು ವಾಪಸ್ ತಗೊಳ್ಳಿ ಅಂದ್ರು, ಸರಿ ಅಂತ ತಗೊಂಡೆ. ಬಂದ ಕವರ್ ಬಿಚ್ಚಿದ್ರೆ ಕಾರ್ಡು ನಂದೇ, ಪಿನ್ ನಂದಲ್ಲ. ಅಸಲಿ ಇಟ್ಕೊಂಡು ನಕಲಿ ಚುಚ್ಚಿ ಕಳಿಸಿದ್ದಾರೆ! ನನ್ ಹತ್ರ ಫೋಟೋ ಇತ್ತು, ಎಷ್ಟ್ ಫೋಟೋ, ಎಂಟು ಫೋಟೋ, ಎಲ್ಲಾ ಮುಖದ್ದು. ಬೆಳಕಲ್ಲಿ ಹೊಳೆಯೋದು, ಕೈಯಲ್ಲಿ ಹಿಡಿದಿರೋದು, ಪುಸ್ತಕದ ಮೇಲೆ ಸ್ಟೈಲಾಗಿ ಇಟ್ಟಿರೋದು. ಬೆನ್ನಿಂದು ಒಂದೂ ಇಲ್ಲ. ನಾನು ಕಳಿಸಿದ್ದು ಇದಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ದುಡ್ಡೂ ಹೋಯ್ತು ಪಿನ್ನೂ ಹೋಯ್ತು. ಅವತ್ತು ಆ ಹಳೇ ಕಲೆಕ್ಟರ್‌ಗೆ ಫೋನ್ ಮಾಡಿ ಅತ್ಕೊಂಡ್ರೆ ಅವರು ಸಮಾಧಾನಾನೂ ಮಾಡ್ಲಿಲ್ಲ, "ನಾನ್ ಹೇಳಿದ್ನಲ್ಲ" ಅಂತಾನೂ ಅನ್ಲಿಲ್ಲ, "ತೂಕ ಹಾಕೋ ಪುಟ್ಟ ತಕ್ಕಡಿ ಒಂದು ತಗೊಳ್ಳಿ" ಅಂದ್ರು.

ತಗೊಂಡೆ. ಈಗ ಪ್ರತಿ ಪಿನ್ನೂ ಕಳಿಸೋ ಮುಂಚೆ ತಕ್ಕಡಿ ಮೇಲಿಟ್ಟು, ಬೆನ್ನಿನ ಫೋಟೋ ಹತ್ತಿರದಿಂದ ತೆಗೆದು, ಮುಳ್ಳಿನ ಪಕ್ಕ ಇರೋ ಸಣ್ಣ ಸಣ್ಣ ಗೀರು ಕೂಡ ಕಾಣೋ ಹಾಗೆ ತೆಗೆದು, ಪ್ಯಾಕ್ ಮಾಡೋ ವೀಡಿಯೋ ಮಾಡಿ ಕಳಿಸ್ತೀನಿ. ಮನುಷ್ಯರ ಬೆರಳಚ್ಚು ಥರ ಒಂದೊಂದು ಪಿನ್ನಿನ ಬೆನ್ನಿಗೂ ಒಂದೊಂದು ಗೀರು ಇರತ್ತೆ ಗೊತ್ತಾ. ಪ್ಯಾಕಿಂಗ್ ಕೂಡ ಹೊಡೆತ ತಿಂದೇ ಕಲ್ತಿದ್ದು, ಮೊದಮೊದಲು ಮಾಮೂಲಿ ಕಾಗದದ ಕವರಲ್ಲಿ ಹಾಕಿ ಕಳಿಸಿ, ಮುಳ್ಳು ಕವರ್ ಹರಿದು ಹೊರಗೆ ಬಂದು, ಗಿರಾಕಿಗೆ ಖಾಲಿ ಕವರ್ ತಲುಪಿ, ಅಬ್ಬಾ ಬಿಡಿ. ಈಗ ಎರಡು ದಪ್ಪ ರಟ್ಟಿನ ಮಧ್ಯೆ ಇಟ್ಟು ಟೇಪ್ ಸುತ್ತಿ ಬಬಲ್ ಕವರ್ ಒಳಗೆ. ಇಡೋಕೆ ಪಿವಿಸಿ ಇಲ್ದೇ ಇರೋ ಶೀಟೇ ಬಳಸ್ತೀನಿ, ಅಗ್ಗದ ಪ್ಲಾಸ್ಟಿಕ್ ವರ್ಷಗಟ್ಟಲೆ ಅಂಟ್ಕೊಂಡಿದ್ರೆ ಬಣ್ಣ ಲೋಹ ಎರಡಕ್ಕೂ ಒಳ್ಳೇದಲ್ಲ.

ನಿಮ್ಮಂಥೋರಿಂದ ನಮಗೆ ಪಿನ್ ಸಿಗಲ್ಲ ಅಂತ ಬೈತಾರೆ ಜನ, ಬ್ಲ್ಯಾಕ್‌ನಲ್ಲಿ ಟಿಕೆಟ್ ಮಾರೋನಿಗೂ ನಿನಗೂ ಏನ್ ವ್ಯತ್ಯಾಸ ಅಂತ ಒಬ್ರು ಕೇಳಿದ್ರು. ಹನ್ನೊಂದು ಪಿನ್ ಒಟ್ಟಿಗೆ ಬಾಚ್ಕೊಂಡ ದಿನ ನನ್ ಹತ್ರ ಉತ್ತರ ಇರ್ಲಿಲ್ಲ, ಅವರು ಹೇಳಿದ್ದೇ ಸರಿ ಇತ್ತು. ಬಾಟ್, ಅಂದ್ರೆ ತಾನಾಗೇ ಆರ್ಡರ್ ಹಾಕೋ ಪ್ರೋಗ್ರಾಂ, ಇಟ್ಟು ಎರಡು ಸೆಕೆಂಡಲ್ಲಿ ಅರ್ಧ ಎಡಿಷನ್ ಎತ್ತೋರಿದ್ದಾರೆ, ಅವರಿಂದಾಗೇ ಈಗ ಆರ್ಟಿಸ್ಟ್‌ಗಳು ಒಬ್ಬರಿಗೆ ಒಂದೇ ಅಂತಾರೆ, ಲಾಟರಿ ಎತ್ತುತ್ತಾರೆ, ಕೆಲವ್ರು ಎಡಿಷನ್ನೇ ಬೇಡ, ಈ ವಾರದಲ್ಲಿ ಎಷ್ಟು ಜನ ಕೇಳ್ತೀರೋ ಅಷ್ಟು ಮಾಡಿಸ್ತೀನಿ ಅಂತಾರೆ. ಈ ಕೊನೇದು ನಮ್ಮಂಥೋರ ಹೊಟ್ಟೆ ಮೇಲೆ ಹೊಡೆದ ಹಾಗೆ, ಆದ್ರೆ ಆರ್ಟಿಸ್ಟ್ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ. ಡ್ರಾಯಿಂಗ್ ಮಾಡಿ, ಫ್ಯಾಕ್ಟರಿಗೆ ದುಡ್ಡು ಕಟ್ಟಿ, ಒಂದೊಂದು ಪಿನ್ನೂ ನೋಡಿ ಪ್ಯಾಕ್ ಮಾಡೋದು ಅವರು, ಮೂರು ಪಟ್ಟು ದುಡ್ಡು ನನಗೆ. ಈಗ ನಾನು ಹೊಸ ಡ್ರಾಪ್‌ಗಳಿಗೆ ಕೈ ಹಾಕೋದು ತುಂಬಾ ಕಮ್ಮಿ, ಹಳೇ ಕಲೆಕ್ಷನ್ ಬಿಟ್ಟು ಹೋಗೋರ ಹತ್ರ ಒಟ್ಟಿಗೆ ತಗೊಂಡು, ಬಿಡಿಸಿ, ಯಾರಿಗೆ ಯಾವುದು ಕೊರತೆ ಇದೆಯೋ ಹುಡುಕಿ ಕೊಡ್ತೀನಿ. ದೊಡ್ಡ ಲಾಭ ಏನಿಲ್ಲ, ಆದ್ರೆ ಬೈಸ್ಕೊಳ್ಳೋದು ನಿಂತಿದೆ.

ಹೋದ ತಿಂಗಳು ಒಂದು ಮೆಸೇಜ್ ಬಂತು. ನಿಮ್ ಹತ್ರ ಆ ನರಿ ಪಿನ್ ಇದೆ ಅಂತ ಹಳೇ ಪೋಸ್ಟಲ್ಲಿ ನೋಡಿದ್ದೆ, ಆ ಆರ್ಟಿಸ್ಟ್‌ದು ಎಲ್ಲಾ ಇದೆ ಅದೊಂದಿಲ್ಲ, ಕೊಡ್ತೀರಾ ಅಂತ. ಡಬಲ್ ಕ್ಲಿಕ್ ಆಗಿ ಬಂತಲ್ಲ, ಆ ಎರಡರಲ್ಲಿ ನಾನು ಇಟ್ಕೊಂಡಿದ್ದದ್ದು. ಅವರು ಹೇಳಿದ ಮೊತ್ತ ಕೇಳಿ ನಾನು ಕೂತಲ್ಲೇ ಎದ್ದು ನಿಂತೆ, ಹನ್ನೊಂದು ಇದ್ದು ಒಂದಿಲ್ದೇ ಇರೋ ಅದೇ ಮನುಷ್ಯ ನೋಡಿ. ಇದೆ, ಕೊಡ್ತೀನಿ ಅಂದೆ. "ಬೆನ್ನಿಂದು ಒಂದು ಫೋಟೋ ಕಳಿಸಿ" ಅಂದ್ರು.

ಅದು ನನ್ನ ಬ್ಯಾಗ್ ಮೇಲೆ ಇತ್ತು, ಶುರುವಿಂದ್ಲೂ ಅಲ್ಲೇ ಇರೋದು. ಬಿಚ್ಚೋಣ ಅಂತ ಕ್ಲಚ್ ಎಳೆದ್ರೆ ಬರ್ಲಿಲ್ಲ. ಆಗ ನೆನಪಾಯ್ತು, ಎಲ್ಲಾದ್ರೂ ಬಿದ್ದೋದೀತು ಅಂತ ಹೆದರಿ ಎಂದೋ ಒಂದಿನ ಮುಳ್ಳಿಗೆ ಸೂಪರ್ ಗ್ಲೂ ಹಾಕಿ ಒತ್ತಿದ್ದೆ. ಕೊನೆಗೆ ಬ್ಯಾಗಿನ ಬಟ್ಟೆನೇ ಕತ್ತರಿಸಿ ತೆಗೆದೆ, ಗ್ಲೂ ಹರಡ್ಕೊಂಡು ಬೆನ್ನ ತುಂಬ ಬೂಸಲು ಥರ ಬಿಳಿ ಮಂಜು ಕಟ್ಟಿತ್ತು, ಎಲ್ ಅನ್ನೋ ಅಕ್ಷರದ ಅರ್ಧ ಕಾಣ್ತಿತ್ತು, ಅಷ್ಟೇ. ಇದ್ದಿದ್ದನ್ನ ಇದ್ದ ಹಾಗೆ ಫೋಟೋ ತೆಗೆದು ಕಳಿಸ್ದೆ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು, "ಕ್ಷಮಿಸಿ, ನಂಬರ್ ಕಾಣ್ತಿಲ್ಲ, ಬೇಡ."

ಬ್ಯಾಗಿಗೆ ತೂತು ಬಿದ್ದಿತ್ತಲ್ಲ, ಅಮ್ಮ ಅದಕ್ಕೆ ತೇಪೆ ಹಾಕಿ ಕೊಟ್ರು. ನರಿನ ಅದೇ ತೇಪೆ ಮೇಲೆ ದಾರ ಹಾಕಿ ಹೊಲಿದಿದ್ದಾರೆ, ನಿನ್ನ ಗುಂಡುಸೂಜಿಗಿಂತ ಇದೇ ಗಟ್ಟಿ ಅಂದ್ಕೊಂಡು.